ತಿಮಿಂಗಿಲದ ತವರಿಗೆ ಹೊರಡುವ ಮುನ್ನ

(ಡೆನ್ವರ್‌ನಲ್ಲಿ ನಮ್ಮ ಕನ್ನಡ ಗೆಳೆಯರ ಭಾನುವಾರದ ಮಾತುಕತೆಯಲ್ಲಿ ಆಡಿದ್ದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಊರು ಚಳ್ಳಕೆರೆ ಕಡೆ. ನಮ್ಮಲ್ಲಿ ನೀರು ಅಂದರೆ ಬೋರ್‌ವೆಲ್ಲು, ಟ್ಯಾಂಕರು, ಅಪರೂಪಕ್ಕೆ ತುಂಬುವ ಕೆರೆ. ನಾನು ಮೊದಲ ಸಲ ಸಮುದ್ರ ನೋಡಿದ್ದು ಕಾಲೇಜು ಟ್ರಿಪ್ಪಿನಲ್ಲಿ, ಮಲ್ಪೆಯಲ್ಲಿ. ಆಮೇಲೆ ಕೆಲಸ ಸಿಕ್ಕಿದ್ದು ಈ ಕೊಲೊರಾಡೊದಲ್ಲಿ. ಇಲ್ಲೂ ಸಮುದ್ರ ಇಲ್ಲ. ನಾವು ಕೂತಿರುವ ಈ ಊರು ಸಮುದ್ರ ಮಟ್ಟದಿಂದ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿದೆ. ಹೀಗೆ ಒಣನೆಲದಿಂದ ಒಣನೆಲಕ್ಕೆ ಬಂದವನು ತಿಮಿಂಗಿಲದ ಬಗ್ಗೆ ಮಾತಾಡುವುದೇನು ಅಂತ ನಿಮಗೆ ಅನ್ನಿಸಬಹುದು. ನಮ್ಮಂಥವರಿಗೇ ಇದನ್ನು ಹೇಳಬೇಕು ಅಂತಲೇ ಬಂದಿದ್ದೇನೆ. ಕಡಲ ಪಕ್ಕ ಇರುವವರು ಬೆಳಿಗ್ಗೆ ಎದ್ದು ಗಾಳಿ ನೋಡುತ್ತಾರೆ, ಚೆನ್ನಾಗಿದ್ದರೆ ದೋಣಿ ಹತ್ತುತ್ತಾರೆ, ಇಲ್ಲವಾದರೆ ಮುಂದಿನ ವಾರ ಅಂತಾರೆ. ನಾವು ಮೂರು ತಿಂಗಳು ಮೊದಲೇ ವಿಮಾನದ ಟಿಕೆಟ್ ತೆಗೆಯುವವರು. ನಮ್ಮ ಲೆಕ್ಕ ತಪ್ಪಿದರೆ ಒಂದು ವರ್ಷ ಕಾಯಬೇಕು.

ನನ್ನ ಲೆಕ್ಕ ಒಂದು ಸಲ ತಪ್ಪಿತು. ಮೊದಲು ಅದನ್ನೇ ಹೇಳುತ್ತೇನೆ.

ಕ್ರಿಸ್‌ಮಸ್ ರಜೆಯಲ್ಲಿ ತಿಮಿಂಗಿಲ ನೋಡಲು ಮೂರು ದಿನಕ್ಕೆ ಅಂತ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋಗೆ ಹೋದೆವು. ಮೊದಲ ದಿನ ಊರು ಸುತ್ತಿದೆವು. ಎರಡನೇ ದಿನ ದೋಣಿ ಹತ್ತಿದೆವು. ಅಲೆ ಜೋರಾಗಿತ್ತು, ನನ್ನ ಹೆಂಡತಿಗೆ ವಾಂತಿ ಶುರುವಾಯಿತು. ದೂರದಲ್ಲಿ ಒಂದು ಉಸಿರಿನ ಹೊಗೆ ಕಂಡಿತು, ಒಂದು ಬೆನ್ನು ಕಂಡಿತು, ಮುಗೀತು. ಮೂರನೇ ದಿನ ಗಾಳಿ ಜಾಸ್ತಿ ಅಂತ ದೋಣಿ ಹೊರಡಲೇ ಇಲ್ಲ. ದುಡ್ಡು ವಾಪಸ್ ಬರಲು ಏಳು ವಾರ ಹಿಡಿಯಿತು. ಸಂಜೆ ವಿಮಾನ ಇತ್ತು, ಹತ್ತಿ ಬಂದೆವು. ನನ್ನ ಮಗಳಿಗೆ ಆಗ ಆರು ವರ್ಷ. ಕಿಟಕಿ ಪಕ್ಕ ಕೂತು, 'ನಾವು ಬರೋದು ಅದಕ್ಕೆ ಗೊತ್ತಿರಲಿಲ್ವಾ ಅಪ್ಪಾ?' ಅಂದಳು.

ಅವಳು ಕೇಳಿದ್ದು ಸರಿಯಾಗೇ ಇತ್ತು. ನಾನು ನಮ್ಮ ರಜೆ ನೋಡಿ ಟಿಕೆಟ್ ತೆಗೆದಿದ್ದೆ. ತಿಮಿಂಗಿಲದ ಕ್ಯಾಲೆಂಡರ್ ನೋಡಿರಲಿಲ್ಲ.

ಆ ಕ್ಯಾಲೆಂಡರ್ ಹೀಗಿದೆ. ಬೂದು ತಿಮಿಂಗಿಲ ಬೇಸಿಗೆಯಲ್ಲಿ ಅಲಾಸ್ಕಾದ ಆಚೆ, ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳಲ್ಲಿ ಇರುತ್ತದೆ. ಅಲ್ಲಿ ಸಮುದ್ರದ ತಳಕ್ಕೆ ಹೋಗಿ, ಪಕ್ಕಕ್ಕೆ ಹೊರಳಿ, ಕೆಸರನ್ನೇ ಬಾಯಿಗೆ ಎಳೆದುಕೊಂಡು, ಅದರಲ್ಲಿರುವ ಸೀಗಡಿಯಂಥ ಪುಟ್ಟ ಹುಳುಗಳನ್ನು ಸೋಸಿ ತಿನ್ನುತ್ತದೆ. ಹಲ್ಲಿಲ್ಲ. ಬಾಯಲ್ಲಿ ಜರಡಿಯಂಥ ಪಟ್ಟಿಗಳಿವೆ. ಚಳಿ ಶುರುವಾಗುತ್ತಿದ್ದಂತೆ ತೆಂಕಣಕ್ಕೆ ಹೊರಡುತ್ತದೆ. ಅಮೆರಿಕದ ಪಶ್ಚಿಮ ದಂಡೆಯನ್ನು ಹಿಡಿದುಕೊಂಡು ಈಜಿ, ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ದ್ವೀಪಕಲ್ಪ ತಲುಪುತ್ತದೆ. ಒಂದು ಕಡೆಗೇ 8,000 ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಅಲೆಯಿಲ್ಲದ, ಬೆಚ್ಚಗಿನ, ಆಳ ಕಡಿಮೆ ಇರುವ ಹಿನ್ನೀರುಗಳಿವೆ. ಅಲ್ಲಿಯವರು ಲಗೂನಾ ಅನ್ನುತ್ತಾರೆ. ತಾಯಂದಿರು ಮರಿ ಹಾಕುವುದು ಹೆಚ್ಚಾಗಿ ಅಲ್ಲಿ.

ಹೆರಿಗೆಗೆ ತವರಿಗೆ ಹೋಗುವುದು ನಮಗೆ ಗೊತ್ತಿರುವ ವಿಷಯ ಅಲ್ವಾ? ಕೆಲವು ತಾಯಂದಿರು ವರ್ಷ ಬಿಟ್ಟು ವರ್ಷ ಅದೇ ಲಗೂನಾಕ್ಕೆ ಬರುವುದನ್ನು ಫೋಟೋ ಹೋಲಿಸಿ ಗುರುತಿಸಿದ್ದಾರೆ. ಬೆನ್ನಿನ ಮೇಲಿನ ಮಚ್ಚೆಗಳು ಒಂದೊಂದಕ್ಕೂ ಬೇರೆ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಬಾಣಂತಿಗೆ ತುಪ್ಪ, ಕೊಬ್ಬರಿ, ಮೆಣಸಿನ ಸಾರು ಸಿಗುತ್ತದೆ. ಈ ಬಾಣಂತಿಗೆ ತವರಲ್ಲಿ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಬೇಸಿಗೆಯಲ್ಲಿ ಉತ್ತರದಲ್ಲಿ ತಿಂದು ಮೈಗೆ ಕೂಡಿಟ್ಟುಕೊಂಡ ಕೊಬ್ಬಿನ ಮೇಲೇ ತಿಂಗಳುಗಟ್ಟಲೆ ಇರುತ್ತಾಳೆ. ಅದರಲ್ಲೇ ಮರಿಗೆ ಹಾಲು ಕೊಡಬೇಕು. ಆ ಹಾಲಿನಲ್ಲಿ ಅರ್ಧದಷ್ಟು ಬರೀ ಕೊಬ್ಬು. ಹುಟ್ಟಿದ ಮರಿಯೇ ನಾಲ್ಕೂವರೆ ಮೀಟರ್ ಉದ್ದ, ಸುಮಾರು 800 ಕಿಲೋ ತೂಕ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಾವು ನೋಡಲು ಹೋಗುವುದು ಹಸಿದ ಬಾಣಂತಿಯನ್ನು.

ಈಗ ದಿನಗಳ ಮಾತು. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಇವು ಕ್ಯಾಲಿಫೋರ್ನಿಯಾ ದಂಡೆಯಲ್ಲಿ ದಕ್ಷಿಣಕ್ಕೆ ಹೋಗುತ್ತಿರುತ್ತವೆ. ಅದು ಅವುಗಳ ಹೆದ್ದಾರಿ. ಗಂಟೆಗೆ ಐದಾರು, ಏಳು ಕಿಲೋಮೀಟರ್ ವೇಗದಲ್ಲಿ ನಿಲ್ಲದೆ ಹೋಗುತ್ತವೆ. ಮೂರು ನಾಲ್ಕು ಸಲ ಉಸಿರು ಬಿಟ್ಟು, ಬಾಲ ಎತ್ತಿ ಮುಳುಗಿದರೆ ಮತ್ತೆ ಏಳುವುದು ಮೂರರಿಂದ ಐದು ನಿಮಿಷ ಆದಮೇಲೆ, ಅದೂ ಮುಂದೆಲ್ಲೋ. ಹೆದ್ದಾರಿಯಲ್ಲಿ ಹೋಗುವವರನ್ನು ಮಾತಾಡಿಸಲು ಆಗುವುದಿಲ್ಲ. ಅಮೆರಿಕದ ನೀರಿನಲ್ಲಿ 100 ಗಜ ದೂರದಲ್ಲೇ ಇರಬೇಕು ಅಂತಲೂ ಹೇಳಿದ್ದಾರೆ. ಅದು ಸರಿಯೂ ಹೌದು.

ಲಗೂನಾಗಳಲ್ಲಿ ತಿಮಿಂಗಿಲ ಅತಿ ಹೆಚ್ಚು ಇರುವುದು ಫೆಬ್ರವರಿ ನಡುವಿನಲ್ಲಿ. ಆಗ ಗಂಡುಗಳೂ ಇರುತ್ತವೆ, ಗಲಾಟೆ ಜಾಸ್ತಿ. ಫೆಬ್ರವರಿ ಕೊನೆಗೆ ಗಂಡುಗಳು, ಮರಿ ಇಲ್ಲದ ಹೆಣ್ಣುಗಳು ಉತ್ತರಕ್ಕೆ ಹೊರಡುತ್ತವೆ. ಮಾರ್ಚ್‌ನಲ್ಲಿ ಉಳಿಯುವುದು ಬಹುಪಾಲು ತಾಯಿ-ಮರಿ. ಆ ಹೊತ್ತಿಗೆ ಮರಿಗಳು ಗಟ್ಟಿಯಾಗಿರುತ್ತವೆ, ಕುತೂಹಲ ಬಂದಿರುತ್ತದೆ. ನಮ್ಮ ಲೆಕ್ಕಕ್ಕೆ ಹೇಳುವುದಾದರೆ, ಫೆಬ್ರವರಿ ನಡುವೆ ಬರುವ ಪ್ರೆಸಿಡೆಂಟ್ಸ್ ಡೇ ರಜೆಯ ವಾರ ತುಂಬ ಒಳ್ಳೆಯದು. ಮಾರ್ಚ್‌ನಲ್ಲಿ ಬರುವ ಮಕ್ಕಳ ಸ್ಪ್ರಿಂಗ್ ಬ್ರೇಕ್ ರಜೆಯಾದರೂ ನಡೆಯುತ್ತದೆ. ಕ್ರಿಸ್‌ಮಸ್ ರಜೆಯನ್ನು ಮಾತ್ರ ಬಿಟ್ಟುಬಿಡಿ.

ಯಾವ ಲಗೂನಾ? ದೊಡ್ಡವು ಮೂರು. ಉತ್ತರದಲ್ಲಿ ಗೆರೆರೊ ನೆಗ್ರೊ ಊರಿನ ಪಕ್ಕ ಓಹೊ ದೆ ಲಿಯೆಬ್ರೆ. ಮರಿಗಳು ಹೆಚ್ಚು ಹುಟ್ಟುವುದು ಅಲ್ಲಿ. ನಡುವೆ ಸಾನ್ ಇಗ್ನಾಸಿಯೊ. ದಕ್ಷಿಣಕ್ಕೆ ಮಗ್ದಲೇನಾ ಕೊಲ್ಲಿ, ಅದರ ದಂಡೆಯಲ್ಲಿ ಲೋಪೆಸ್ ಮತೆಯೋಸ್ ಅನ್ನುವ ಮೀನುಗಾರರ ಊರು. ನಾವು ಹೋಗಿದ್ದು ಸಾನ್ ಇಗ್ನಾಸಿಯೊಗೆ. ನಾನು ಹೇಳುವುದೂ ಅದನ್ನೇ.

ಮೊದಲು ಕಾಗದಪತ್ರ. ಇಲ್ಲಿ ತುಂಬ ಜನ ಇದನ್ನೇ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ಇದ್ದವರು ಅವಧಿ ಇರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಪ್ರವಾಸಕ್ಕೆ ಮೆಕ್ಸಿಕೋ ವೀಸಾ ಬೇರೆ ತೆಗೆಯಬೇಕಿಲ್ಲ. ಊರಿನಿಂದ ಬಂದಿರುವ ಅಪ್ಪ-ಅಮ್ಮನ ಮಲ್ಟಿಪಲ್ ಎಂಟ್ರಿ ವೀಸಾಕ್ಕೂ ಇದೇ ಮಾತು. ಆದರೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ಅವಧಿ ಮುಗಿದು, ಐ-797 ಕಾಗದದ, ಅಂದರೆ ಅಮೆರಿಕ ಸರ್ಕಾರ ಕೊಡುವ ಒಪ್ಪಿಗೆ ಪತ್ರದ ಮೇಲೆ ಇಲ್ಲಿರುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ನಿಮಗೆ ಮೆಕ್ಸಿಕೋ ವೀಸಾ ಬೇಕು, ವಾಪಸ್ ಬರುವಾಗಿನ ನಿಯಮವನ್ನೂ ವಕೀಲರ ಹತ್ತಿರ ಕೇಳಿಕೊಂಡೇ ಹೊರಡಿ. ತಿಮಿಂಗಿಲ ಮುಂದಿನ ವರ್ಷವೂ ಬರುತ್ತದೆ.

ದಾರಿ. ಡೆನ್ವರ್‌ನಿಂದ ಲಾಸ್ ಏಂಜಲಿಸ್, ಅಲ್ಲಿಂದ ಬಾಹಾದ ಲೊರೆಟೊಗೆ ವಿಮಾನ. ಲೊರೆಟೊದಿಂದ ಕಾರಿನಲ್ಲಿ ಮೂರೂವರೆ, ನಾಲ್ಕು ಗಂಟೆ ಸಾನ್ ಇಗ್ನಾಸಿಯೊ ಊರಿಗೆ. ಅಲ್ಲಿಂದ ಲಗೂನಾ ಇನ್ನೂ ಸುಮಾರು 60 ಕಿಲೋಮೀಟರ್. ಡೆನ್ವರ್‌ನಿಂದ ಲೋಸ್ ಕಾಬೋಸ್‌ಗೆ ನೇರ ವಿಮಾನ ಇದೆ, ಟಿಕೆಟ್ಟೂ ಅಗ್ಗ ಅಂತ ತುಂಬ ಜನ ಅದನ್ನು ತೆಗೆದುಬಿಡುತ್ತಾರೆ. ಲೋಸ್ ಕಾಬೋಸ್ ಇರುವುದು ದ್ವೀಪಕಲ್ಪದ ಕೊಟ್ಟಕೊನೆಯ ತುದಿಯಲ್ಲಿ. ಸಾನ್ ಇಗ್ನಾಸಿಯೊ ಅಲ್ಲಿಂದ ಎರಡು ದಿನದ ದಾರಿ ಅಂತಲೇ ಇಟ್ಟುಕೊಳ್ಳಿ. ಅಲ್ಲಿ ಇಳಿಯುವವರು ಲೋಪೆಸ್ ಮತೆಯೋಸ್‌ಗೆ ಹೋಗುವುದು ವಾಸಿ.

ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಕಾರು ಓಡಿಸಬೇಡಿ. ಬೇರೆ ಭಯಕ್ಕಲ್ಲ, ದನಗಳಿಗಾಗಿ. ನಮ್ಮ ಊರಿನ ಥರವೇ ದನ ರಸ್ತೆಗೆ ಬಂದು ನಿಲ್ಲುತ್ತವೆ, ರಸ್ತೆ ಕಿರಿದು, ಅಂಚಿನಲ್ಲಿ ಜಾಗ ಇಲ್ಲ. ಮೆಕ್ಸಿಕೋದ ಇನ್ಶೂರೆನ್ಸ್ ಬೇಕೇ ಬೇಕು, ಇಲ್ಲಿಯದು ಅಲ್ಲಿ ನಡೆಯುವುದಿಲ್ಲ. ಸಮಯದ ಒಂದು ಸಣ್ಣ ವಿಷಯ: ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ, ಡೆನ್ವರ್ ಗಡಿಯಾರ ಒಂದೇ. ಮಾರ್ಚ್ ಎರಡನೇ ಭಾನುವಾರ ನಾವು ಗಡಿಯಾರ ಮುಂದಿಡುತ್ತೇವೆ, ಅವರು ಇಡುವುದಿಲ್ಲ. ಸ್ಪ್ರಿಂಗ್ ಬ್ರೇಕ್‌ಗೆ ಹೋಗುವವರು ಬುಕಿಂಗ್ ಸಮಯ ನೋಡುವಾಗ ಆ ಒಂದು ಗಂಟೆ ನೆನಪಿಟ್ಟುಕೊಳ್ಳಿ.

ಸಾನ್ ಇಗ್ನಾಸಿಯೊ ಊರನ್ನು ನೋಡಿ ನನಗೆ ಕಣ್ಣು ತುಂಬಿತು. ಗಂಟೆಗಟ್ಟಲೆ ಬರೀ ಕಳ್ಳಿ, ಕಲ್ಲು, ಧೂಳು. ಇದ್ದಕ್ಕಿದ್ದ ಹಾಗೆ ಒಂದು ತಗ್ಗಿನಲ್ಲಿ ಖರ್ಜೂರದ ತೋಪು, ನಡುವೆ ನಿಂತ ನೀರು. ಜೆಸ್ಯೂಟ್ ಪಾದ್ರಿಗಳು 1728ರಲ್ಲಿ ಇಲ್ಲಿ ನೆಲೆ ನಿಂತರು, ಖರ್ಜೂರ ನೆಟ್ಟವರೂ ಅವರೇ. ಈಗ ಚೌಕದಲ್ಲಿರುವ ಕಲ್ಲಿನ ಇಗರ್ಜಿ ಮುಗಿದದ್ದು 1786ರಲ್ಲಿ. ಅಲ್ಲಿ ಒಂದು ರಾತ್ರಿ ಉಳಿಯಿರಿ.

ಊಟದ ಬಗ್ಗೆ. ಸಸ್ಯಾಹಾರಿಗಳಿಗೆ ತೋರ್ತಿಯಾ ಅನ್ನುವ ಮೆಕ್ಕೆಜೋಳದ ರೊಟ್ಟಿ, ಅವರೆಯಂಥ ಕಾಳಿನ ಪಲ್ಯ, ಅನ್ನ ಎಲ್ಲ ಸಿಗುತ್ತದೆ. ಆದರೆ ಕಾಳಿಗೆ ಹಂದಿ ಕೊಬ್ಬು ಹಾಕುವ ರೂಢಿ ಇದೆ, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದೂ ಉಂಟು. 'ಸಿನ್ ಮಾಂತೆಕಾ', ಅಂದರೆ ಕೊಬ್ಬು ಬೇಡ ಅಂತ ಮೊದಲೇ ಹೇಳಿ. ನಾವು ಅವಲಕ್ಕಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಲಗೂನಾ ದಂಡೆಯ ಕ್ಯಾಂಪಿನ ಅಡುಗೆಯವರು ಚಟ್ನಿಪುಡಿಯನ್ನು ಮೊಟ್ಟೆಗೆ ಉದುರಿಸಿಕೊಂಡು ಡಬ್ಬಿ ಖಾಲಿ ಮಾಡಿದರು.

ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇಷ್ಟು: ಜಾಗ ಕಡಿಮೆ ಮಾಡಿ, ದಿನ ಜಾಸ್ತಿ ಇಡಿ. ಲಗೂನಾ ದಂಡೆಯಲ್ಲಿ ಕಮ್ಮಿ ಅಂದರೂ ಮೂರು ರಾತ್ರಿ. ಬೆಳಿಗ್ಗೆ ನೀರು ಶಾಂತ, ಮಧ್ಯಾಹ್ನ ಗಾಳಿ ಏಳುತ್ತದೆ. ಒಂದು ದಿನ ಗಾಳಿಗೆ ಹೋಗುತ್ತದೆ, ಒಂದು ದಿನ ಬರೀ ದೂರದ ಬೆನ್ನುಗಳು, ಒಂದು ದಿನ ಸಿಗುತ್ತದೆ. ನಮಗೆ ಆಗಿದ್ದು ಹಾಗೇ.

ಅಲ್ಲಿಯ ದೋಣಿಗೆ ಪಂಗಾ ಅಂತಾರೆ. ಏಳು ಮೀಟರ್ ಉದ್ದದ, ಬಾಯಿ ತೆರೆದ ಚಿಕ್ಕ ಮೋಟಾರ್ ದೋಣಿ. ಹತ್ತು ಜನ ಹಿಡಿಯುತ್ತದೆ. ನಡೆಸುವವರು ಆ ದಂಡೆಯ ಮೀನುಗಾರರೇ. ತಿಮಿಂಗಿಲ ನೋಡಲು ಬಿಟ್ಟಿರುವುದು ಲಗೂನಾದ ಬಾಯಿಯ ಹತ್ತಿರದ ಒಂದು ಭಾಗ ಮಾತ್ರ. ಒಂದು ಹೊತ್ತಿಗೆ ಅಲ್ಲಿ 16 ಪಂಗಾಗಳಿಗಿಂತ ಹೆಚ್ಚು ಇರುವ ಹಾಗಿಲ್ಲ, ಒಂದೊಂದಕ್ಕೆ ಒಂದೂವರೆ ಗಂಟೆ. ಉಳಿದ ಒಳನೀರು ಪೂರ್ತಿ ತಾಯಿ-ಮರಿಗಳದು. ಯಾವ ದೋಣಿಯೂ ಬೆನ್ನು ಹತ್ತುವುದಿಲ್ಲ. ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಸುಮ್ನೆ ನಿಲ್ಲುತ್ತಾರೆ. ಬರುವುದು ಬಿಡುವುದು ತಿಮಿಂಗಿಲಕ್ಕೆ ಬಿಟ್ಟಿದ್ದು.

ಮೂರನೇ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಮ್ಮ ಪಂಗಾ ಹಾಗೆ ನಿಂತಿತ್ತು. ಮೊದಲು ಉಸಿರು ಕೇಳಿಸಿತು. ಕುಕ್ಕರ್ ಸೀಟಿ ಎತ್ತಿದಾಗ ಆವಿ ನುಗ್ಗುವ ಹಾಗೆ, ಆದರೆ ಆಳವಾಗಿ. ನಮ್ಮ ಕನ್ನಡಕದ ಮೇಲೆ ತುಂತುರು ಬಿತ್ತು, ಮೀನಿನ ಮಾರ್ಕೆಟ್ಟಿನ ವಾಸನೆ. ನೀರಿನ ಕೆಳಗೆ ಏನೋ ಬೆಳ್ಳಗಾಯಿತು. ಮರಿ. ದೋಣಿಯ ಪಕ್ಕಕ್ಕೇ ಬಂದು ಮೂತಿ ಎತ್ತಿತು. ದೊಡ್ಡ ತಿಮಿಂಗಿಲದ ಮೈ ಮೇಲೆ ಕಲ್ಲಿನ ಹಾಗೆ ಅಂಟಿಕೊಂಡ ಚಿಪ್ಪುಜೀವಿಗಳು, ಅವುಗಳ ಸುತ್ತ ಹೇನು, ಎಲ್ಲ ಇರುತ್ತವೆ. ಮರಿಯದು ಇನ್ನೂ ನುಣುಪು. ಮೂತಿಯ ತುಂಬ ಬೆರಳಿನಿಂದ ಒತ್ತಿದ ಹಾಗೆ ಚಿಕ್ಕ ಚಿಕ್ಕ ಗುಳಿಗಳು, ಗುಳಿಯಲ್ಲಿ ಒಂದೊಂದೇ ಗಡುಸು ಕೂದಲು. ಅದಕ್ಕೆ ಕೂದಲಿರುತ್ತದೆ ಅಂತ ನಾನು ಎಣಿಸಿಯೇ ಇರಲಿಲ್ಲ. ನನ್ನ ಮಗಳು ಕೈ ಚಾಚಿದಳು. 'ಅಮ್ಮಾ, ಸುಲಿದ ಮೊಟ್ಟೆ!' ಅಂದಳು. ನಾನೂ ಮುಟ್ಟಿದೆ. ಹೌದು, ಬೇಯಿಸಿ ಸುಲಿದ ಮೊಟ್ಟೆಯೇ. ತಣ್ಣಗೆ, ಮೆತ್ತಗೆ, ಒತ್ತಿದರೆ ಒಳಗೆ ಗಟ್ಟಿ.

ತಾಯಿ ಎಲ್ಲಿ ಅಂತ ಹುಡುಕಿದರೆ, ಅವಳು ದೋಣಿಯ ಕೆಳಗೇ ಇದ್ದಳು. ನಮ್ಮ ದೋಣಿಯ ಎರಡರಷ್ಟು ಉದ್ದ. ಮರಿ ಆಚೀಚೆ ಸರಿದಾಗ ಅವಳು ಕೆಳಗಿನಿಂದ ಎತ್ತಿ ಮತ್ತೆ ನಮ್ಮ ಕಡೆಗೆ ತಂದಳು.

ಯಾಕೆ ಹೀಗೆ ಮಾಡುತ್ತವೆ? ನನಗೆ ಗೊತ್ತಿಲ್ಲ. ಇದೇ ಲಗೂನಾಗಳಲ್ಲಿ ಹಿಂದೆ ನಡೆದದ್ದು ನೆನೆದರೆ ನನಗೆ ಈಗಲೂ ಮಾತು ನಿಲ್ಲುತ್ತದೆ. 1850ರ ದಶಕದಲ್ಲಿ ಚಾರ್ಲ್ಸ್ ಸ್ಕ್ಯಾಮನ್ ಅನ್ನುವ ಬೇಟೆ ಹಡಗಿನ ಕಪ್ತಾನ ಓಹೊ ದೆ ಲಿಯೆಬ್ರೆಯ ಒಳಕ್ಕೆ ದಾರಿ ಕಂಡುಕೊಂಡ. ಹಿಂದೆಯೇ ಬೇರೆ ಹಡಗುಗಳು ಬಂದವು. ದೀಪದ ಎಣ್ಣೆಗಾಗಿ ಬಾಣಂತಿಯರನ್ನು ಕೊಂದರು. ಮರಿಯನ್ನು ಕಾಯಲು ತಾಯಿ ತಿರುಗಿ ಬಿದ್ದು ದೋಣಿ ಒಡೆದಳು. ಅದಕ್ಕೆ ಅವರು ಇಟ್ಟ ಹೆಸರು 'ದೆವ್ವದ ಮೀನು'. ಕೆಲವೇ ವರ್ಷಗಳಲ್ಲಿ ಲಗೂನಾಗಳು ಬರಿದಾದವು. ಅಟ್ಲಾಂಟಿಕ್ ಕಡಲಿನ ಬೂದು ತಿಮಿಂಗಿಲಗಳಂತೂ ಅದಕ್ಕೂ ಮೊದಲೇ ಇಲ್ಲವಾಗಿದ್ದವು. 20ನೇ ಶತಮಾನದಲ್ಲಿ ಬೇಟೆ ನಿಂತ ಮೇಲೆ ಇವು ನಿಧಾನಕ್ಕೆ ಹೆಚ್ಚಾದವು. ಆದರೂ ಸಾನ್ ಇಗ್ನಾಸಿಯೊ ಮೀನುಗಾರರಿಗೆ ಭಯ ಹೋಗಿರಲಿಲ್ಲ. 1972ರಲ್ಲಿ ಒಂದು ದಿನ, ಫ್ರಾನ್ಸಿಸ್ಕೊ ಮಾಯೊರಾಲ್ ಅನ್ನುವ ಮೀನುಗಾರ, ಊರಿನವರ ಬಾಯಲ್ಲಿ ಪಚಿಕೊ, ಮೀನು ಹಿಡಿಯುತ್ತಿದ್ದಾಗ ಒಂದು ದೊಡ್ಡ ತಿಮಿಂಗಿಲ ದೋಣಿಗೆ ಬಂದು ಮೈ ತಾಗಿಸಿ ನಿಂತಿತು. ಬಹಳ ಹೊತ್ತು ಹೋಗಲೇ ಇಲ್ಲ. ಕೊನೆಗೆ ಅವರು ಕೈ ಚಾಚಿ ಮುಟ್ಟಿದರು. ಅಲ್ಲಿಂದ ಶುರುವಾದದ್ದು ಇದು. ಪಚಿಕೊ 2013ರಲ್ಲಿ ತೀರಿಕೊಂಡರು. ಅವರ ಮನೆಯವರು ಈಗಲೂ ಆ ದಂಡೆಯಲ್ಲಿ ದೋಣಿ ನಡೆಸುತ್ತಾರೆ.

1990ರ ದಶಕದಲ್ಲಿ ಈ ಲಗೂನಾದ ಪಕ್ಕ ಭಾರಿ ಉಪ್ಪಿನ ಕಾರ್ಖಾನೆ ಮಾಡಲು ಹೊರಟಿದ್ದರು. ಮೆಕ್ಸಿಕೋ ಸರ್ಕಾರ ಮತ್ತು ಮಿತ್ಸುಬಿಷಿ ಸೇರಿ. ಜಗತ್ತಿನ ತುಂಬ ವಿರೋಧ ಬಂತು. 2000ದ ಮಾರ್ಚ್‌ನಲ್ಲಿ ಅಧ್ಯಕ್ಷ ಎರ್ನೆಸ್ತೊ ಸೆದಿಯೊ ಅದನ್ನು ಕೈಬಿಟ್ಟರು. ದೋಣಿ ನಡೆಸುವವರ ಹೊಟ್ಟೆಪಾಡು ತಿಮಿಂಗಿಲದ ಜೊತೆ ಸೇರಿದ್ದರಿಂದ ಆ ನೀರಿನ ಪರ ಮಾತಾಡುವವರು ಅಲ್ಲೇ ಇದ್ದರು. ಹಾಗಾಗಿ ನೀವು ಹೋಗುವಾಗ ಆ ದಂಡೆಯವರೇ ನಡೆಸುವ ಕ್ಯಾಂಪಿನಲ್ಲಿ ಉಳಿಯಿರಿ, ದುಡ್ಡು ಅವರ ಕೈಗೇ ಹೋಗಲಿ.

ಕಷ್ಟದ ಸಂಗತಿ ಹೇಳದೆ ಮಾತು ಮುಗಿಸಲಾರೆ. 2016ರಲ್ಲಿ ಇವು ಸುಮಾರು 27,000 ಇದ್ದವು. 2019ರಿಂದ ದಂಡೆಯುದ್ದಕ್ಕೂ ಸತ್ತು ಬಂದು ಬೀಳತೊಡಗಿದವು, ಎಷ್ಟೋ ಎಲುಬು ಕಾಣುವಷ್ಟು ಬಡಕಲು. 2025ರ ಎಣಿಕೆಯಲ್ಲಿ ಸುಮಾರು 13,000. ಉತ್ತರದಲ್ಲಿ ಹಿಮ ಕರಗುತ್ತಿದೆ. ಹಿಮದ ಅಡಿಯಲ್ಲಿ ಬೆಳೆಯುವ ಪಾಚಿ ತಳಕ್ಕೆ ಬಿದ್ದರೆ ಅದನ್ನು ತಿಂದು ಆ ಹುಳುಗಳು ಬೆಳೆಯುತ್ತವೆ, ಹುಳುಗಳನ್ನು ತಿಂದು ತಿಮಿಂಗಿಲ. ಮೊದಲ ತುತ್ತೇ ಕಡಿಮೆಯಾಗಿದೆ. ಆ ವರ್ಷ ಕ್ಯಾಲಿಫೋರ್ನಿಯಾ ದಂಡೆಯಲ್ಲಿ ಉತ್ತರಕ್ಕೆ ಹೋದ ಮರಿಗಳು 85ರ ಆಸುಪಾಸು ಅಂತ ಅಂದಾಜು ಮಾಡಿದರು. ಅಂದರೆ ನೀವು ಮೂರು ದಿನ ಕಾದರೂ ಮರಿ ಹತ್ತಿರ ಬರದೇ ಇರಬಹುದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ. ನಮ್ಮ ಮಗಳಿಗೆ ಹೇಳಿದ್ದೆವು. ಎರಡು ದಿನ ಏನೂ ಬರದಿದ್ದಾಗ, 'ಮಲಗಿರಬೇಕು, ಮಲಗಲಿ ಬಿಡಿ' ಅಂದಳು.

ಮಾತಾದ ಮೇಲೆ ಕೆಲವರು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಮುಟ್ಟುವುದು ಸರಿಯಾ ಅಂತ ಒಬ್ಬರು ಕೇಳಿದರು. ಅದು ತಾನಾಗಿ ಬಂದರೆ ಮಾತ್ರ. ಕಣ್ಣು, ಉಸಿರಿನ ತೂತು, ಬಾಲ, ಇವುಗಳ ಹತ್ತಿರ ಕೈ ಹೋಗಬಾರದು. ಕೈಗೆ ಹಚ್ಚಿದ ಸನ್‌ಸ್ಕ್ರೀನ್ ತೊಳೆದುಕೊಂಡು ದೋಣಿ ಹತ್ತಿ. ಉಂಗುರ ಬಿಚ್ಚಿಡಿ. ಮುಟ್ಟಲು ಮನಸ್ಸಿಲ್ಲದಿದ್ದರೆ ಸುಮ್ನೆ ನೋಡಿ, ಅದೂ ಸಾಕು. ನನ್ನ ಹೆಂಡತಿ ಮುಟ್ಟಲಿಲ್ಲ.

ವಾಂತಿ ಆಗುವವರು? ಲಗೂನಾದಲ್ಲಿ ಅಲೆ ಕಮ್ಮಿ, ಅವಳಿಗೆ ಅಲ್ಲಿ ಏನೂ ಆಗಲಿಲ್ಲ. ಆದರೂ ಡಾಕ್ಟರನ್ನು ಕೇಳಿ ಮಾತ್ರೆಯನ್ನು ಹಿಂದಿನ ರಾತ್ರಿಯೇ ತೆಗೆದುಕೊಳ್ಳಿ, ದೋಣಿ ಹತ್ತಿದ ಮೇಲೆ ನುಂಗಿದರೆ ಉಪಯೋಗ ಕಡಿಮೆ.

ಮೆಕ್ಸಿಕೋಗೆ ಹೋಗಲು ಆಗದವರು ಏನು ಮಾಡಬೇಕು? ಆರೆಗಾನ್ ರಾಜ್ಯದ ಡೆಪೊ ಬೇ ಅನ್ನುವ ಕಡಲ ಊರಿಗೆ ಹೋಗಿ. ಕೆಲವು ತಿಮಿಂಗಿಲಗಳು ಉತ್ತರದವರೆಗೆ ಹೋಗದೆ ಬೇಸಿಗೆಯಲ್ಲಿ ಆ ದಂಡೆಯಲ್ಲೇ ಮೇಯುತ್ತವೆ. ಪೋರ್ಟ್‌ಲೆಂಡ್‌ಗೆ ವಿಮಾನ, ಅಲ್ಲಿಂದ ಎರಡೂವರೆ ಗಂಟೆ ಕಾರು. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತೇ ನೋಡಬಹುದು, ದೋಣಿಯೂ ಬೇಡ. ಜುಲೈ, ಆಗಸ್ಟ್ ರಜೆಗೂ ಹೊಂದುತ್ತದೆ.

ಊರಿನಿಂದ ಮಗನ ಮನೆಗೆ ಬಂದಿರುವ ಒಬ್ಬ ಅಮ್ಮ, 'ನನಗೆ ಮೊಣಕಾಲು ನೋವು, ದೋಣಿ ಹತ್ತೋಕೆ ಆಗುತ್ತಾ?' ಅಂತ ಕೇಳಿದರು. ಸಾನ್ ಇಗ್ನಾಸಿಯೊದಲ್ಲಿ ಮರಳಿನ ದಂಡೆಯಿಂದ, ಕೆಲವೊಮ್ಮೆ ನೀರಿಗೆ ಇಳಿದೇ ಹತ್ತಬೇಕು. ನಿಮಗೆ ಲೋಪೆಸ್ ಮತೆಯೋಸ್ ಸುಲಭ. ಅಲ್ಲಿ ದೋಣಿಕಟ್ಟೆ ಇದೆ. ಕಾಲುವೆಯಂಥ ಕಿರಿದಾದ ನೀರು, ದಂಡೆಯಲ್ಲಿ ನಿಂತರೂ ಉಸಿರು ಕಾಣುತ್ತದೆ.

ಕೊನೆಗೆ ಒಬ್ಬಳು ಪುಟ್ಟ ಹುಡುಗಿ ಕೇಳಿದಳು: 'ಅದು ನಿಮ್ಮನ್ನ ನೋಡ್ತಾ?'

ನೋಡಿತು ಪುಟ್ಟಾ. ಮರಿಯಲ್ಲ, ತಾಯಿ. ಮರಿ ಆಡಿ ಸುಸ್ತಾದ ಮೇಲೆ ಅವಳು ದೋಣಿಯ ಪಕ್ಕದಲ್ಲಿ ಎದ್ದು ಮೈಯನ್ನು ವಾಲಿಸಿದಳು. ಆಗ ಕಣ್ಣು ನೀರಿನ ಮೇಲೆ ಬಂತು. ಅಷ್ಟು ದೊಡ್ಡ ಮೈಗೆ ಚಿಕ್ಕ ಕಣ್ಣು, ಕಂದು ಬಣ್ಣ, ಸುತ್ತ ಸುಕ್ಕು. ರೆಪ್ಪೆ ಒಂದು ಸಲ ನಿಧಾನಕ್ಕೆ ಮುಚ್ಚಿ ತೆರೆಯಿತು. ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವಳು ಮುಳುಗಿ ನಮ್ಮ ಕೆಳಗಿನಿಂದ ದಾಟಿದಳು. ತಲೆ ಈ ಕಡೆಯಿಂದ ಒಳಗೆ ಹೋಗಿ ಬಾಲ ಆ ಕಡೆ ಹೊರಬರುವವರೆಗೆ ನನ್ನ ಮಗಳು ಎಣಿಸುತ್ತಿದ್ದಳು, ಒಂಬತ್ತರವರೆಗೆ ಎಣಿಸಿದಳು. ಮರಿ ಅವಳ ಹಿಂದೆಯೇ ಹೋಯಿತು.